ಧೂಪದ ಪುಡಿಯಲ್ಲಿದ್ದ ಕಡಲ ಚಿಪ್ಪು

2006ರ ಜನವರಿಯಲ್ಲಿ, ನಾಂಪಲ್ಲಿಯ ನಮ್ಮ ಮನೆಯೊಡತಿಗೆ ಅವರು ಮಾರುವ ಧೂಪದಲ್ಲಿ ಸಮುದ್ರದ ಪ್ರಾಣಿಯೊಂದರ ಚಿಪ್ಪು ಇದೆ ಎಂದು ನಾನು ಹೇಳಿದೆ.

ನಾನು ಅಕ್ಕ ಎಂದು ಕರೆಯುತ್ತಿದ್ದ ಅವರು ಕಲಬುರಗಿ ಕಡೆಯ ಲಿಂಗಾಯತರು. ಮೀನು, ಮೊಟ್ಟೆ ಮೆಟ್ಟಿಲು ಹತ್ತಬಾರದು ಎಂಬ ಕರಾರಿನ ಮೇಲೆ ನನಗೆ ಮಹಡಿಯ ಕೋಣೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಧೂಪವೇ ಅವರ ಜೀವನ. ಮಾಧಾಪುರದ ಹೊಸ ಫ್ಲಾಟುಗಳ ಸಾಫ್ಟ್‌ವೇರ್ ಮಂದಿ ಗೃಹಪ್ರವೇಶಕ್ಕೆ ಅದನ್ನೇ ಒಯ್ಯುತ್ತಿದ್ದರು. ಮಾಡಲು ಕಲಿಸಿದವರು ಪಕ್ಕದ ಮನೆಯ ಗೆಳತಿ, ಎಲ್ಲರೂ ಉರ್ದುವಿನಲ್ಲಿ ‘ಆಪಾ’, ಅಂದರೆ ಅಕ್ಕ, ಎಂದು ಕರೆಯುವ ಬೀದರ್ ಮೂಲದವರು.

ಅಂದು ಮಾಳಿಗೆಯ ಮೇಲೆ ಮೊರದಲ್ಲಿ ಉಗುರಿನಾಕಾರದ ಕಂದು ತುಣುಕುಗಳು ಒಣಗುತ್ತಿದ್ದವು. ಅತ್ತರ್ ಅಂಗಡಿಯವರು ಅದನ್ನು ‘ನಖ್’ ಅನ್ನುತ್ತಾರೆ. ಯಾವುದೋ ಗಿಡದ ತೊಗಟೆ ಎಂದು ಅಕ್ಕ ತಿಳಿದಿದ್ದರು. ಕಾರವಾರದ ದಂಡೆಯಲ್ಲಿ ಬೆಳೆದ ನನಗೆ ಗುರುತು ಹತ್ತಿತು. ಪತ್ರಿಕೆಯ ಕೆಲಸದ ಅಭ್ಯಾಸ. ಅಂಗಡಿಯವನನ್ನೂ ವಿಚಾರಿಸಿಕೊಂಡೇ ಹೇಳಿದೆ.

ಮ್ಯುರೆಕ್ಸ್ ಜಾತಿಯ ಕಡಲ ಬಸವನಹುಳುಗಳು ತೀರದ ಬಂಡೆ, ಕೆಸರುಮರಳುಗಳಲ್ಲಿರುತ್ತವೆ. ಮೈಮೇಲೆ ಮುಳ್ಳುಮುಳ್ಳಾದ ಚಿಪ್ಪು. ಇತರ ಚಿಪ್ಪುಜೀವಿಗಳಿಗೆ ತೂತು ಕೊರೆದು ಮಾಂಸ ತಿನ್ನುತ್ತವೆ. ಅಪಾಯ ಕಂಡರೆ ಒಳಗೆ ಸರಿದು ಬಾಗಿಲು ಮುಚ್ಚಿಕೊಳ್ಳುತ್ತವೆ. ಬಾಗಿಲಾಗುವ ಆ ಗಟ್ಟಿ ಮುಚ್ಚಳವೇ ನಖ್.

“ಸತ್ತು ದಂಡಿಗೆ ಬಿದ್ದಿದ್ದು ಆರಿಸ್ತಾರೇನ್ರಿ?” ಅಕ್ಕ ಕೇಳಿದರು.

“ಇಲ್ಲ ಅಕ್ಕ. ಹಿಡಿದು, ಬೇಯಿಸಿ, ಮಾಂಸ ತೆಗೀತಾರೆ. ಇದು ಉಳಿಯುತ್ತೆ.”

“ಅಯ್ಯ ಶಿವನ! ಲಿಂಗಪೂಜಿಗೆ ದಿನಾ ಇದರ ಹೊಗಿ ಹಾಕೀನಲ್ರಿ. ನಿಮಗ ಮೀನ ತರಬ್ಯಾಡ್ರಿ ಅಂದಾಕಿ ನಾನ!”

ಪಕ್ಕದ ಮಾಳಿಗೆಯಿಂದ ಆಪಾ ನಕ್ಕರು. “ತುಮ್ ಪೂಛೇಚ್ ನಹೀಂ ನಾ!” ಕೇಳಲೇ ಇಲ್ಲವಲ್ಲ ನೀನು, ಎಂದು.

“ನೀನರ ಹೇಳಬಾರದೇನ, ಕಳ್ಳಿ!” ಅಕ್ಕ ನಗಲಿಲ್ಲ. ಮೊರವನ್ನು ಗೋಡೆಯಾಚೆ ಅವರ ಕೈಗೆ ಕೊಟ್ಟುಬಿಟ್ಟರು.

ಪರಿಮಳವನ್ನು ಹಿಡಿದಿಡುತ್ತಿದ್ದ ನಖ್ ಮುಂದಿನ ಪುಡಿಗೆ ಬೀಳಲಿಲ್ಲ. ಪರಿಮಳ ಹೆಚ್ಚು ಹೊತ್ತು ಉಳಿಯುತ್ತಿಲ್ಲ ಎಂದು ಫ್ಲಾಟಿನವರು ಡಬ್ಬಿಗಳನ್ನು ಹಿಂದಕ್ಕೆ ಕಳಿಸಿದರು. ಅಕ್ಕ ಎರಡು ಮನಸ್ಸಿನಲ್ಲಿದ್ದರು.

“ಮತ್ತ ಹಾಕ್ಲೇನ್ರಿ?”

“ಅದರಲ್ಲಿ ಏನಿದೆ ಅಂತ ಹೇಳಿ ಮಾರಿ, ಅಕ್ಕ.”

“ಹೇಳಿದ್ರ ಪೂಜಿಗೆ ಯಾರ್ ತಗೋತಾರ್ರಿ? ಭಾಳ ಸುಲಭ ಹೇಳ್ತೀರಿ ನೀವು.”

ದಾರಿ ಹುಡುಕಿದ್ದು ಆಪಾ. ಪೂಜೆಯ ಧೂಪವನ್ನು ಅಕ್ಕ ನಖ್ ಇಲ್ಲದೆ ತಮ್ಮ ಒಲೆಯ ಮೇಲೆ ಮಾಡತೊಡಗಿದರು. ಬಟ್ಟೆಗೆ ಪರಿಮಳದ ಹೊಗೆ ಹಾಕುವ ಬೇರೊಂದು ಪುಡಿಗೆ ಆಪಾ ತಮ್ಮ ಅಡುಗೆಮನೆಯಲ್ಲಿ ನಖ್ ಹುರಿದರು; ಅದರಲ್ಲೇನಿದೆ ಎಂದು ಕೊಳ್ಳುವವರಿಗೆ ಹೇಳಿದರು. ಬಂದದ್ದನ್ನು ಇಬ್ಬರೂ ಹಂಚಿಕೊಂಡರು.

ನಾನು ಊರು ಬಿಡುವಾಗ ಪೂಜೆಯ ಧೂಪಕ್ಕೆ ಗಿರಾಕಿಗಳು ಕಡಿಮೆಯಿದ್ದರು. ಕಳೆದ ದೀಪಾವಳಿಗೆ ಫೋನ್ ಮಾಡಿದಾಗ ಅಕ್ಕ ಪೂಜೆಯ ಧೂಪ, ಆಪಾ ಮಾಡುವ ಬಟ್ಟೆಯ ಪುಡಿ ಎರಡನ್ನೂ ಮಾರುತ್ತಿದ್ದರು.