ರೆಕ್ಕೆಯಡಿಯ ನೀಲಿ

ಹಲ್ಲಿನ ಮೇಷ್ಟ್ರು ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ದಂತವೈದ್ಯರು ಕಳಿಸುವ ಅಚ್ಚು ನೋಡಿ ಕಟ್ಟುಹಲ್ಲು ಮಾಡಿಕೊಡುವುದು ಅವರ ಕಸುಬು. ಮಾಡಿದ ಹಲ್ಲಿನ ಬಣ್ಣ ಪಕ್ಕದ ಹಲ್ಲಿಗಿಂತ ಕೂದಲೆಳೆಯಷ್ಟು ಬೇರೆ ಕಂಡರೂ ಕಿತ್ತೆಸೆದು ಮತ್ತೆ ಮಾಡುವ ಹಟ. ಆ ಹಟಕ್ಕೆ ಬೇಸತ್ತ ವೈದ್ಯರೊಬ್ಬರು ಇಟ್ಟ ಹೆಸರು ಮೇಷ್ಟ್ರು. ಅದೇ ಅಂಟಿಕೊಂಡಿತು.

ಹಲ್ಲು ಮಾಡಿ ಮುಗಿದ ಮೇಲೆ ಮನೆಗೆ ಬಂದು ಅವರು ವಿಮಾನ ಮಾಡುತ್ತಿದ್ದರು. ಪ್ಲಾಸ್ಟಿಕ್ ತುಂಡುಗಳ ಪೆಟ್ಟಿಗೆ ತರಿಸಿ, ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿದರೆ ಹಳೆಯ ಯುದ್ಧದ ವಿಮಾನವೊಂದು ಅಂಗೈ ಮೇಲೆ ಬಂದು ಕೂರುತ್ತಿತ್ತು. ಆದರೆ ಎಲ್ಲರೂ ಮಾಡುವ ವಿಮಾನ ಇವರಿಗೆ ಆಗಿಬರದು. ಒಂದು ದೇಶ ಕಟ್ಟಿ ಇನ್ನೊಂದು ದೇಶ ಹಾರಿಸಿದ್ದು, ಸೆರೆ ಸಿಕ್ಕಿದ್ದು, ದಾರಿ ತಪ್ಪಿ ಶತ್ರುವಿನ ಅಂಗಳದಲ್ಲಿಳಿದು ಅಲ್ಲಿಯ ಗುರುತು ಹಚ್ಚಿಸಿಕೊಂಡದ್ದು, ಇಂಥವೇ ಬೇಕು. ಮೊದಲು ಹುಟ್ಟಿದ ದೇಶದ ಗುರುತನ್ನು ಪೂರ್ತಿ ಬರೆಯುವುದು, ಅದು ಒಣಗಿದ ಮೇಲೆ ತೆಳುವಾಗಿ ಅಳಿಸಿ ಹೊಸ ದೇಶದ್ದು ಬರೆಯುವುದು. ಒಂದೇ ಸಲಕ್ಕೆ ಹೊಸದನ್ನೇ ಬರೆಯಬಾರದೇ ಎಂದರೆ, "ನಿಜವಾದ್ದಕ್ಕೂ ಹಾಗೇ ಮಾಡಿದ್ರಲ್ಲ" ಎನ್ನುತ್ತಿದ್ದರು.

"ಮನೆತುಂಬ ಸೊಸೆಯರನ್ನ ತಂದಿಟ್ಟಿದ್ದೀರಿ" ಎಂದು ಹೆಂಡತಿ ಛೇಡಿಸುತ್ತಿದ್ದಳು. "ತವರಿನ ಹೆಸರು ಅಳಿಸಿಕೊಂಡು ಬಂದು ಕೂತಿದ್ದಾರೆ. ಒಬ್ಬಳೂ ಒಂದು ಲೋಟ ತೊಳೆಯಲ್ಲ, ಧೂಳು ಮಾತ್ರ ನಾನು ಒರೆಸಬೇಕು."

ವಿಮಾನಗಳ ಕಥೆ ಹೇಳಿ ಹೇಳಿ ಈ ಹುಚ್ಚು ಹಿಡಿಸಿದವರು ಅವಳ ತಂದೆಯೇ. ಮಾವ ಯುದ್ಧದ ಕಾಲದಲ್ಲಿ ಒಂದು ವಿಮಾನನೆಲೆಯಲ್ಲಿ ಬಣ್ಣದ ಕೆಲಸಕ್ಕಿದ್ದವರು. ಒಂದು ದಿನ ಶತ್ರುವಿನ ವಿಮಾನವೊಂದು ಎಣ್ಣೆ ಮುಗಿದು ಇವರ ನೆಲೆಯಲ್ಲೇ ಇಳಿಯಿತು. ಮೇಲಿನವರು ಅದನ್ನು ತಾವೇ ಹಾರಿಸಿ ನೋಡಬೇಕೆಂದರು. ಹಳೆಯ ಗುರುತು ಅಳಿಸಿ ರೆಕ್ಕೆಯ ಮೇಲೆರಡು, ಅಡಿಗೆರಡು ನೀಲಿ ವೃತ್ತ ಬರೆಯಬೇಕೆಂದು ಮಾವನಿಗೆ ಹುಕುಂ ಆಯಿತು. ನೆಲದಿಂದ ವಿಮಾನ ಹೊಡೆಯುವ ನಮ್ಮ ತೋಪಿನವರಿಗೆ ಇದು ನಮ್ಮದೆಂದು ತಿಳಿಯಬೇಕಾದರೆ ಅಡಿಯ ಎರಡು ವೃತ್ತವೇ ದಿಕ್ಕು. ಮೇಲಿನ ಎರಡು ಬರೆಯುವಷ್ಟರಲ್ಲಿ ಡಬ್ಬಿಯಲ್ಲಿ ನೀಲಿ ಇನ್ನೊಂದು ವೃತ್ತಕ್ಕಾಗುವಷ್ಟೇ ಉಳಿದಿತ್ತು. ಬೇರೆ ಡಬ್ಬಿ ಬರಲು ವಾರ ಬೇಕು. ಮಾವ ಅಷ್ಟೇ ಬೂದಿ ಬಣ್ಣ ಸುರಿದು ಕದಡಿ ಅಡಿಯ ಎರಡನ್ನೂ ಮುಗಿಸಿದರು. ವಿಮಾನದ ಹೊಟ್ಟೆಯೂ ರೆಕ್ಕೆಯಡಿಯೂ ಮೊದಲೇ ತಿಳಿ ಬೂದುನೀಲಿ.

ಹಾರಿಸಬೇಕಿದ್ದವನು ಮದುವೆ ಗೊತ್ತಾಗಿದ್ದ ತರುಣ. ಒಣಗಿದೆಯೇ ಎಂದು ವೃತ್ತವನ್ನು ಮುಟ್ಟಿ ನೋಡಿ, ಬೆರಳಿಗೆ ಹತ್ತಿದ ಬಣ್ಣವನ್ನು ಮಾವನ ಅಂಗಿಗೇ ಒರೆಸಿ ನಕ್ಕಿದ್ದನಂತೆ. ಹಿಂದಿರುಗುವಾಗ ನಮ್ಮ ತೋಪಿನವರೇ ಅವನನ್ನು ಹೊಡೆದು ಬೀಳಿಸಿದರು.

ವಿಚಾರಣೆಯಲ್ಲಿ ಬಣ್ಣದ ಮಾತನ್ನು ಯಾರೂ ಎತ್ತಲಿಲ್ಲ. ಮಾವನೂ ಎತ್ತಲಿಲ್ಲ. ಐವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಅವರು ಹಾಸಿಗೆ ಹಿಡಿದು ಮಗಳ ಮನೆಗೆ ಬಂದ ಮೇಲೆ ಅಳಿಯನ ಮುಂದೆ ಬಿಚ್ಚಿದರು.

"ಆ ವಿಮಾನಾನ ಒಂದು ಮಾಡಿ ಕೊಡ್ತೀರಾ? ಕೆಳಗಿನಿಂದ ನೋಡಬೇಕು ನಾನು. ಗುರುತು ಕಾಣುತ್ತೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು."

ಆ ವಿಮಾನದ ಫೋಟೋ ಎಲ್ಲೂ ಇರಲಿಲ್ಲ. ಇದ್ದದ್ದು ಮಾವನ ಬಾಯಿಮಾತೊಂದೇ. ಮೇಷ್ಟ್ರು ಎಂಟು ತಿಂಗಳು ಕೂತು ಮಾಡಿದರು. ಅಡಿಯ ವೃತ್ತಕ್ಕೆ ಮಾವ ಹೇಳಿದಂತೆ ಒಂದಕ್ಕೊಂದು ಅಳತೆಯಲ್ಲಿ ನೀಲಿ, ಬೂದಿ ಬೆರೆಸಿ ನೋಡಿದರೆ ಕೆಸರಿನ ಹಾಗೆ ಕಂಡಿತು. ಡಬ್ಬಿಯ ಬಣ್ಣ ಹಳತಾಗಿ ಕೆಟ್ಟಿರಬೇಕು ಎಂದುಕೊಂಡು ಒಂದು ತೊಟ್ಟು ನೀಲಿ ಸೇರಿಸಿದರು. ಇನ್ನೊಂದು ತೊಟ್ಟು. ಮತ್ತೊಂದು. ಬಣ್ಣದ ವಿಷಯದಲ್ಲಿ ಅವರಿಗೆ ಚಮಚದ ಲೆಕ್ಕಕ್ಕಿಂತ ತಮ್ಮ ಕಣ್ಣಿನ ಮೇಲೆ ನಂಬಿಕೆ ಹೆಚ್ಚು. ಕಣ್ಣು ಸರಿ ಎಂದಾಗ ನಿಲ್ಲಿಸಿದರು.

ಮಂಚದ ಮೇಲೆ ಒಂದೂವರೆ ಮೊಳ ಎತ್ತರದಲ್ಲಿ ದಾರ ಕಟ್ಟಿ ತೂಗುಹಾಕಿದ ದಿನ ಮಾವ ಬಹಳ ಹೊತ್ತು ದಿಟ್ಟಿಸಿದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಳಗಿನ ಪರದೆಯೂ ಕೆಟ್ಟಿದೆ, ತೆಗೆದರೂ ಉಪಯೋಗವಿಲ್ಲ ಎಂದು ವೈದ್ಯರು ಕೈಬಿಟ್ಟಿದ್ದರು.

"ಕಾಣುತ್ತೆ!" ಎಂದರು ಮಾವ. "ಅಯ್ಯೋ, ಎಷ್ಟು ಚೆನ್ನಾಗಿ ಕಾಣುತ್ತೆ!"

ಮುದುಕರು ಅತ್ತರು. ಮಗಳೂ ಅತ್ತಳು. ಮೇಷ್ಟ್ರು ಅಳಲಿಲ್ಲ. ಆದರೆ ಜೀವನದಲ್ಲಿ ಅಷ್ಟು ಹಿಗ್ಗಿದ ದಿನ ಅವರಿಗೆ ಇನ್ನೊಂದಿರಲಿಲ್ಲ. ಅಂದಿನಿಂದ ಮನೆಗೆ ಬಂದವರಿಗೆಲ್ಲ ಪರೀಕ್ಷೆ. ಹಾಲಿನವನು, ಸೂಜಿ ಚುಚ್ಚುವ ನರ್ಸಮ್ಮ, ವಿಳಾಸ ಕೇಳಿಕೊಂಡು ಬಂದ ಅಪರಿಚಿತ, ಯಾರನ್ನೂ ಮಾವ ಬಿಡುತ್ತಿರಲಿಲ್ಲ. "ನೋಡಿ ಹೇಳಿ, ಕಾಣುತ್ತಾ?" ಎಲ್ಲರೂ ಕಾಣುತ್ತೆ ಎನ್ನುತ್ತಿದ್ದರು.

ಇದಾಗಿ ವರ್ಷದ ಮೇಲೆ ಮೇಷ್ಟ್ರ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಕಣ್ಣಿನ ವೈದ್ಯರು ಹೇಳುವವರೆಗೆ ಎರಡೂ ಕಣ್ಣಿಗೆ ಪೊರೆ ಬೆಳೆದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಮಾದರಿ ಹಲ್ಲುಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಹೊಂದಿಸುತ್ತಿದ್ದರಿಂದ ಕಸುಬಿನಲ್ಲಿ ಎಡವಟ್ಟಾಗಿರಲಿಲ್ಲ. ಎರಡೂ ಪೊರೆಯ ಒಂದೇ ಹಳದಿಯಲ್ಲಿ ಕಂಡರೆ ಜೋಡಿ ತಪ್ಪುವುದಿಲ್ಲವಲ್ಲ. ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವರು ಅಡುಗೆಮನೆ ಬಾಗಿಲಲ್ಲೇ ನಿಂತರು.

"ಯಾವಾಗ ಬಣ್ಣ ಹೊಡೆಸಿದೆ? ಎಷ್ಟು ಬೆಳ್ಳಗಿದೆ!"

"ನಾಲ್ಕು ವರ್ಷ ಆಯ್ತು. ನೀವೇ ನಿಂತು ಹೊಡೆಸಿದ್ದು" ಎಂದು ಹೆಂಡತಿ ನಕ್ಕಳು.

ಮೇಷ್ಟ್ರೂ ನಕ್ಕರು. ನಗುತ್ತಲೇ ಮಾವನ ಕೋಣೆಗೆ ಹೋಗಿ ತಲೆಯೆತ್ತಿ ನೋಡಿದರು. ರೆಕ್ಕೆಯಡಿಯ ವೃತ್ತಗಳು ಬಟ್ಟೆಗೆ ಹಾಕುವ ನೀಲಿಯ ಹಾಗೆ ರಾಚುತ್ತಿದ್ದವು. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದರೆ ಸರಿಯಾಗಿತ್ತು. ಬಲಗಣ್ಣಿನಲ್ಲಿ ಅದು ಯಾವ ಯುದ್ಧದಲ್ಲೂ ಯಾರೂ ಹಚ್ಚಿರಲಾರದ ಬಣ್ಣ.

ಮರುದಿನ ಮಾವ ಮಲಗಿದ್ದಾಗ ಅವರು ಒಂದು ಹಾಳು ರೆಕ್ಕೆ ತೆಗೆದುಕೊಂಡು ಹೊಟ್ಟೆಯ ಬಣ್ಣ ಹಚ್ಚಿದರು. ಈ ಸಲ ಕಣ್ಣನ್ನು ಕೇಳಲಿಲ್ಲ. ಚಮಚದಲ್ಲಿ ಅಳೆದು ಒಂದಕ್ಕೊಂದು ಬೆರೆಸಿ ವೃತ್ತ ಬರೆದರು. ಒಣಗಿದ ಮೇಲೆ ಕಿಟಕಿಯ ಬಳಿ ಕೈಯೆತ್ತಿ ಹಿಡಿದು ನೋಡಿದರು. ಗುರುತು ಇದೆ ಎಂದು ಗೊತ್ತಿದ್ದವನಿಗೆ ಮಸುಕಾಗಿ ಕಾಣುತ್ತಿತ್ತು. ಅಂಗಳಕ್ಕೆ ಹೋಗಿ ಹೆಂಡತಿಯ ಕೈಗೆ ಕೊಟ್ಟು ಮಾಳಿಗೆಯ ಮೆಟ್ಟಿಲು ಹತ್ತಿಸಿದರು. ಕೆಳಗೆ ನಿಂತು ನೋಡಿದರೆ ಬರಿಯ ರೆಕ್ಕೆ.

"ಇಳಿ" ಎಂದರು.

ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. "ಅಪ್ಪನಿಗೆ ಗೊತ್ತಾಗಬಾರದು ಕಣ್ರೀ. ನಿಮ್ಮ ದಮ್ಮಯ್ಯ. ಇನ್ನೆಷ್ಟು ದಿನ ಇರ್ತಾರೆ ಅವರು!"

"ನಾನೆಲ್ಲಿ ಹೇಳ್ತೀನಿ ಅಂದೆ?"

"ನಿಮ್ಮ ಮುಖ ಹೇಳುತ್ತೆ."

ಅದೂ ನಿಜ. ಮೇಷ್ಟ್ರು ನಾಲ್ಕು ದಿನ ಮಾವನ ಕೋಣೆಗೆ ಕಾಲಿಡಲಿಲ್ಲ. ಕಣ್ಣಿಗೆ ಔಷಧಿ ಹಾಕಿದೆ, ಬೆಳಕು ಆಗದು ಎಂಬ ನೆಪ. ಈ ನಾಲ್ಕು ದಿನ ಅವರು ಪಟ್ಟ ಸಂಕಟ ಅಷ್ಟಿಷ್ಟಲ್ಲ. ವಿಮಾನವನ್ನು ಬಿಚ್ಚಿ ತರುವಂತಿಲ್ಲ, ಬಣ್ಣ ತಿದ್ದುವಂತಿಲ್ಲ, ಹಾಗೇ ಬಿಟ್ಟರೆ ತೂಗುವ ಸುಳ್ಳಿನಡಿ ಮುದುಕರು ಮಲಗಿರುವುದನ್ನು ನೋಡುವಂತಿಲ್ಲ. ತಪ್ಪು ಮಾಡಿದ್ದು ತಮ್ಮ ಕಣ್ಣು. ಆ ತಪ್ಪಿನಿಂದಲೇ ಮಾವ ವರ್ಷಕಾಲ ನೆಮ್ಮದಿಯಾಗಿ ನಿದ್ದೆ ಮಾಡಿದ್ದರು. ಇದಕ್ಕೆ ಬೇಸರಪಡಬೇಕೋ ಬೇಡವೋ ಎಂಬುದೇ ಅವರಿಗೆ ತಿಳಿಯಲಿಲ್ಲ.

ಐದನೆಯ ದಿನ ಬೆಳಿಗ್ಗೆ ಮಾವನೇ ಕೂಗಿದರು. "ಅಳಿಯಂದಿರೇ, ಹೊಸ ಕಣ್ಣು ಬಂದಮೇಲೆ ನಮ್ಮನ್ನ ಮರೆತೇಬಿಟ್ಟಿರಾ?"

ಹೋಗದೆ ವಿಧಿಯಿರಲಿಲ್ಲ. ಹೆಂಡತಿಯೂ ಬಾಗಿಲಿಗೆ ಬಂದು ನಿಂತಳು. ಮಾವ ಅಳಿಯನ ಕೈ ಹಿಡಿದು ಮಂಚದ ಮೇಲೆ ಕೂರಿಸಿಕೊಂಡರು.

"ಒಂದು ಕೇಳಲಾ? ಬಂದವರೆಲ್ಲ ಕಾಣುತ್ತೆ ಕಾಣುತ್ತೆ ಅಂತಾರೆ. ಮುದುಕನ ಸಮಾಧಾನಕ್ಕೆ ಅಂತಾರೇನೋ ಅಂತ ನನಗೆ ಒಳಗೊಳಗೇ ಅಳುಕು. ನನ್ನ ಕಣ್ಣನ್ನ ನಾನೇ ನಂಬಲ್ಲ. ನೀವು ಮಾತ್ರ ಬಣ್ಣದ ವಿಷಯದಲ್ಲಿ ಸುಳ್ಳು ಹೇಳೋ ಜನ ಅಲ್ಲ. ಈಗ ಕಣ್ಣೂ ಹೊಸದು. ನಾನು ಹೇಳಿದ ಅಳತೆಯಲ್ಲೇ ಬೆರೆಸಿದ್ದೀರಿ ತಾನೇ? ನೋಡಿ ಹೇಳಿಬಿಡಿ. ಕಾಣುತ್ತಾ?"

ಮೇಷ್ಟ್ರು ತಲೆಯೆತ್ತಿದರು. ರಾಚುವ ನೀಲಿ ಎರಡು ಕಡೆ. ಬಾಗಿಲ ಕಡೆ ನೋಡಿದರೆ ಹೆಂಡತಿ ಸೆರಗನ್ನು ಬಾಯಿಗೊತ್ತಿ ನಿಂತಿದ್ದಳು.

"ನೀವು ಹೇಳಿದ ಅಳತೆಯೇ ಮಾವ" ಎಂದರು. "ಕಾಣುತ್ತೆ. ಸ್ಪಷ್ಟವಾಗಿ ಕಾಣುತ್ತೆ."

"ಎಷ್ಟು ಎತ್ತರದಲ್ಲಿದ್ರೂ?"

"ಎಷ್ಟು ಎತ್ತರದಲ್ಲಿದ್ರೂ."

ಮಾವ ಉಸಿರು ಬಿಟ್ಟರು. ಹಿಡಿದ ಕೈ ಸಡಿಲವಾಯಿತು. ಬಾಗಿಲಲ್ಲಿ ಹೆಂಡತಿ ಕಣ್ಣೊರೆಸಿಕೊಂಡಳು. ಗೆದ್ದೆವು ಎಂದು ಮೇಷ್ಟ್ರಿಗೂ ಅನ್ನಿಸಿತು. ಮಾವ ಮತ್ತೆ ವಿಮಾನದ ಕಡೆ ನೋಡಿದರು. ಆಮೇಲೆ ಅವರ ಹುಬ್ಬು ಗಂಟಾಯಿತು. ನಿಧಾನವಾಗಿ ಅಳಿಯನ ಕಡೆ ತಿರುಗಿದರು.

"ಹಾಗಾದ್ರೆ," ಎಂದರು, "ನಮ್ಮವನೇ ಅಂತ ಕಂಡೂ ಹೊಡೆದ್ರಾ ಅವನನ್ನ?"