ಬಚ್ಚಿಟ್ಟ ಆರನೇ ಹೆಜ್ಜೆ

ಗೆಳೆಯರೇ, ಇವತ್ತು ಒಂದು ಪುಟದ ಎದುರು ಸೋತು ಬಂದಿದ್ದೇನೆ.

ನವನಗರದ ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ಯಾರಿಗೆ ಏನು ತೊಡಕಾದರೂ, ಮಂಡಕ್ಕಿಯ ಗಿರಮಿಟ್ ಕೊಡಿಸಿ ನನ್ನನ್ನು ಕೇಳುವುದು ಹನ್ನೊಂದು ವರ್ಷದ ಪದ್ಧತಿ. ಮೊನ್ನೆ ಮೊನ್ನೆ ಸೇರಿದ ಶಾಹೀನ್ ನನಗೆ ಗೊತ್ತಿದ್ದನ್ನೆಲ್ಲ ಕೇಳಿ ಕೇಳಿ ಆಫೀಸಿನ ವಿಕಿ ಪುಟಗಳಲ್ಲಿ ಬರೆದಿಟ್ಟಳು. ಈಗ ಎಲ್ಲರೂ ಪುಟ ನೋಡುತ್ತಾರೆ, ಅವಳನ್ನು ಹೊಗಳುತ್ತಾರೆ. ಅದಕ್ಕೇ ಸರ್ವರ್ ಮತ್ತೆ ಶುರು ಮಾಡುವ ಕ್ರಮದಲ್ಲಿ ಒಂದು ಹೆಜ್ಜೆಯನ್ನು ನಾನು ಹೇಳದೇ ಉಳಿಸಿಕೊಂಡಿದ್ದೆ. ಹೊಟ್ಟೆಕಿಚ್ಚು ಎನ್ನಬೇಡಿ, ಮುಂದಾಲೋಚನೆ ಎನ್ನಿ.

ಇವತ್ತು ಸರ್ವರ್ ನಿಂತಿತು. ಶಾಹೀನ್ ಗಿರಮಿಟ್ ಪೊಟ್ಟಣ ಹಿಡಿದು ಬಂದಳು.

"ಸರ್, ಐದನೇ ಹೆಜ್ಜಿ ಆದಮ್ಯಾಲೆ ಮುಂದ ಹೋಗವಲ್ದು. ಏನರ ಬಿಟ್ಟೀವೇನ್ರಿ?"

"ಇಂಥಾವೆಲ್ಲಾ ಪುಟದಾಗ ಸಿಗೂದಿಲ್ಲ ತಂಗಿ, ಅನುಭವ ಬೇಕಾಗ್ತದ," ಎಂದು ಗಂಭೀರವಾಗಿ ತಿಂದು ಮುಗಿಸಿದೆ. ಕೈ ಒರೆಸಿಕೊಂಡು ಕೀಬೋರ್ಡ್ ಮುಂದೆ ಕೂತೆ. ಆ ಹೆಜ್ಜೆ ನನಗೂ ನೆನಪಿರಲಿಲ್ಲ.

ಶಾಹೀನ್ ಹಳೆಯ ಗ್ರೂಪ್ ಮೆಸೇಜುಗಳನ್ನು ತಡಕಾಡಿದಳು. "ಸಿಕ್ತ್ರಿ ಸರ್! ಹಿಂದ ನೀವ ಬರದೀರಿ. ಪುಟಕ್ಕ ಸೇರಿಸಿಬಿಡ್ಲೇನ್ರಿ?"

"ಸೇರಿಸವಾ," ಎಂದೆ.

ಪುಟ ಪೂರ್ತಿಯಾಯಿತು. ಇವತ್ತಿನದು ಬಹುಶಃ ನನ್ನ ಕೊನೆಯ ಪುಕ್ಕಟೆ ಗಿರಮಿಟ್. ಅದರ ಜೊತೆ ಕೊಡುವ ಕರಿದ ಮೆಣಸಿನಕಾಯಿಯೂ ಇರಲಿಲ್ಲ.