ಪೀಪಾಯಿಯಲ್ಲಿ ನಲವತ್ತು ಕೋಲು

ಆ ಬೆಟ್ಟದ ಕಾಡಿಗೆ ಜಲಪಾತ ನೋಡಲು ಬರುವವರಿಗೆ ಮೊದಲು ಕಾಣುವುದು ಕೋಲಕ್ಕ. ಗೇಟಿನ ಪಕ್ಕದಲ್ಲೊಂದು ತಗಡಿನ ಮಾಡು, ಅದರಡಿ ನೀಲಿ ಪೀಪಾಯಿ, ಪೀಪಾಯಿಯಲ್ಲಿ ನಲವತ್ತು ಬಿದಿರುಕೋಲು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುವುದಿಲ್ಲ. ಮಾತಿನಲ್ಲಿ ಧಾರಾಳಿ, ಕೋಲಿನಲ್ಲಿ ಮಹಾ ಜಿಪುಣಿ. ಕೊಟ್ಟ ಕೋಲು ಅವಳ ಕಣ್ಣು ತಪ್ಪಿಸಿ ಗೇಟು ದಾಟಿದ್ದೇ ಇಲ್ಲ.

ಕೊಡುವುದಕ್ಕೂ ಅವಳದೊಂದು ಕ್ರಮವಿತ್ತು. ಬಂದವರನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡುವಳು, ಕಣ್ಣಳತೆಯಲ್ಲೇ ಎತ್ತರ ತಿಳಿದು ಸರಿಯಾದ ಕೋಲು ಎಳೆದು ಕೈಗಿಡುವಳು. "ನನಗ್ಯಾಕೆ ಕೋಲು?" ಎಂದು ಎದೆಯುಬ್ಬಿಸಿದವರಿಗೆ, "ಬೇಡ ಅಂದೋರನ್ನೇ ನಾವು ಹೊತ್ಕೊಂಡು ಇಳಿಸಿರೋದು, ಹಿಡೀರಿ" ಎನ್ನುವಳು. ಕೋಲಿಲ್ಲದೆ ಯಾರೂ ಹತ್ತುವಂತಿರಲಿಲ್ಲ. ನಲವತ್ತೂ ಮುಗಿದರೆ ಮುಂದಿನವರು ಒಬ್ಬರು ಇಳಿಯುವವರೆಗೆ ಕಾಯಬೇಕು.

ಹಿಂದೆ ಗೇಟಿನಲ್ಲಿ ಹೆಸರು ಬರೆಯುವ ದಪ್ಪ ಪುಸ್ತಕವಿತ್ತು. ಮಳೆಗೆ ನೆನೆದು ಅಕ್ಷರ ಕಲಸಿಹೋಗುತ್ತಿತ್ತು, ಇಳಿದು ಬಂದವರು ಸಹಿ ಮರೆಯುತ್ತಿದ್ದರು. ಒಮ್ಮೆ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದವನನ್ನು ಆರು ಜನ ಕಾಡಿನಲ್ಲಿ ಹುಡುಕಿದ್ದೂ ಆಯಿತು. ಆಗ ಕೋಲಕ್ಕ ಅರಣ್ಯ ಇಲಾಖೆಯ ಸಾಹೇಬರ ಮುಂದೆ ನಿಂತು, "ಆ ಪುಸ್ತಕ ತೆಗೆದುಹಾಕಿ ಸಾರ್. ಕೋಲು ಬಂತು ಅಂದ್ರೆ ಜನ ಬಂದ್ರು ಅಂತ" ಎಂದಳು. ಸಾಹೇಬರು ಒಪ್ಪಿದರು. ಅಂದಿನಿಂದ ಹತ್ತೊಂಬತ್ತು ವರ್ಷ ಕೋಲೇ ಲೆಕ್ಕ. ಅವಳು ಪೀಪಾಯಿ ಎಣಿಸಿ "ಹಾಕಪ್ಪ" ಎಂದರೆ ಗೇಟಿನವನು ಬೀಗ ಹಾಕುತ್ತಿದ್ದ. ಸಾಹೇಬರಿಗೆ ಹೇಳಿದ ಆ ಮಾತನ್ನು ಅವಳು ಎಷ್ಟು ಸಲ ಹೇಳಿ ಮೆರೆದಿದ್ದಳೆಂದರೆ, ಗಂಡ ಊಟಕ್ಕೆ ಕೂತಾಗ, "ತಟ್ಟೆ ಬಂತು ಅಂದ್ರೆ ಊಟ ಬಂತು ಅಂತ" ಎಂದು ಅಣಕಿಸುತ್ತಿದ್ದ.

ಒಂದು ಮಧ್ಯಾಹ್ನ ವಯಸ್ಸಾದ ಗಿಡ್ಡ ಹೆಂಗಸೊಬ್ಬರು ಒಂಟಿಯಾಗಿ ಬಂದರು. ಕೇಳುವ ಮೊದಲೇ ತಮ್ಮ ವಿಚಾರ ಹೇಳಿಕೊಂಡರು.

"ಮೂವತ್ತೈದು ವರ್ಷ ಹೊಲಿಗೆ ಮೆಷಿನ್ ತುಳಿದ ಕಾಲಮ್ಮಾ ಇದು. ಅಷ್ಟು ತುಳಿದ್ರೂ ಕೂತಲ್ಲೇ ಇದ್ದೆ. ಹೋದ ತಿಂಗಳು ಅಂಗಡಿ ಮುಚ್ಚಿದೆ. ನೀರು ಬೀಳೋದನ್ನ ಒಂದ್ಸಲ ನೋಡಿಬಿಡೋಣ ಅಂತ ಬಂದೆ."

ಕೋಲಕ್ಕನಿಗೆ ಆಕೆಯ ಮೇಲೆ ಮನಸ್ಸಾಯಿತು. ಪೀಪಾಯಿಯಲ್ಲೇ ಅತಿ ಗಿಡ್ಡದಾದ, ಕೆಂಪು ದಾರ ಸುತ್ತಿದ ಕೋಲನ್ನು ಹುಡುಕಿ ಕೊಟ್ಟಳು. "ಮೇಲೆ ಮೆಟ್ಟಿಲೆಲ್ಲ ಪಾಚಿ. ಇದನ್ನ ಕೈ ಬಿಡಬೇಡಿ. ಇದು ವಾಪಸ್ ಬರೋತನಕ ಗೇಟು ಹಾಕಲ್ಲ" ಎಂದಳು.

ನಾಲ್ಕೂವರೆಗೆ ಒಂದು ವ್ಯಾನಿನಷ್ಟು ಆಫೀಸಿನ ಜನ ಗದ್ದಲ ಮಾಡಿಕೊಂಡು ಇಳಿದರು. ಒಬ್ಬರ ಕಾಲಿಗೆ ಜಿಗಣೆ ಕಚ್ಚಿ ಊರೆಲ್ಲ ಒಂದಾಗುವ ಹಾಗೆ ಕೂಗಾಡುತ್ತಿದ್ದರು. ಕೋಲಕ್ಕ ಬಗ್ಗಿ ಉಪ್ಪು ಹಾಕುತ್ತಿದ್ದಾಗಲೇ ಉದ್ದನೆಯ ಮನುಷ್ಯನೊಬ್ಬ ಎರಡು ಕೋಲು ಚಾಚಿದ.

"ಒಂದು ನನ್ನದು. ಇನ್ನೊಂದನ್ನ ಯಾರೋ ಜಲಪಾತದ ಹತ್ರ ಕಂಬಿಗೆ ಒರಗಿಸಿ ಮರೆತು ಹೋಗಿದ್ರು ಅಕ್ಕಾ. ಪಾಪ, ನಿಮ್ಮ ಲೆಕ್ಕ ತಪ್ಪಬಾರದು ಅಂತ ತಂದೆ."

"ನಿಮ್ಮಂಥೋರು ಇನ್ನೂ ನೂರು ಜನ ಬರ್ಲಿ" ಎಂದು ಅವಳು ಎರಡನ್ನೂ ಪೀಪಾಯಿಗೆ ತುರುಕಿದಳು. ವ್ಯಾನು ಹೊರಟಿತು. ಎಣಿಸಿದಳು, ನಲವತ್ತು. "ಹಾಕಪ್ಪ" ಎಂದಳು. ಬೀಗ ಬಿತ್ತು.

ಪೀಪಾಯಿಗೆ ಟಾರ್ಪಾಲು ಹೊದಿಸುವಾಗ ಕೆಂಪು ದಾರ ಕಣ್ಣಿಗೆ ಬಿತ್ತು. ಮಧ್ಯಾಹ್ನ ಬಂದ ಆ ಟೈಲರಮ್ಮನ ಕೈಯಿಂದ ಅದನ್ನು ತೆಗೆದುಕೊಂಡ ನೆನಪಿರಲಿಲ್ಲ. ಟಾರ್ಪಾಲು ಅಲ್ಲೇ ಬಿಟ್ಟು ಗೇಟಿನವನತ್ತ ತಿರುಗಿದಳು.

"ಬೀಗ ತೆಗಿ."

"ಯಾಕಕ್ಕಾ? ನಲವತ್ತೂ ಇದೆಯಲ್ಲ. ಕೋಲು ಬಂತು ಅಂದ್ರೆ ಜನ ಬಂದ್ರು ಅಂತ ನೀವೇ ಹೇಳೋದಲ್ವಾ?"

ಗೇಟಿನವನು ಕುಹಕವಾಡಲಿಲ್ಲ. ನಿಜವಾಗಿ ನಂಬಿಯೇ ಕೇಳಿದ್ದ. ಅದರಿಂದ ಅವಳಿಗೆ ಇನ್ನಷ್ಟು ಸಂಕಟವಾಯಿತು.

"ಕೋಲು ಬಂತಪ್ಪ, ಆ ಅಮ್ಮ ಬರ್ಲಿಲ್ಲ. ನಾನೇ ಕೈಯಾರೆ ಒಳಗೆ ಹಾಕಿದೆ. ನೀನು ಗೇಟು ಬಿಟ್ಟು ಕದಲಬೇಡ, ಸಾಹೇಬರಿಗೆ ಫೋನ್ ಮಾಡು."

"ನಿಮ್ಮ ಮಂಡಿ?"

"ಬಂದಷ್ಟು ದೂರ ಬರುತ್ತೆ."

ಮಂಡಿನೋವಿನಿಂದಾಗಿ ಆರು ವರ್ಷದಿಂದ ಅವಳು ಎರಡನೇ ತಿರುವು ದಾಟಿರಲಿಲ್ಲ. ಗಿಡ್ಡ ಕೋಲನ್ನೇ ಊರಿ, ಸೊಂಟ ಬಗ್ಗಿಸಿಕೊಂಡು ಹತ್ತಿದಳು. ಕತ್ತಲಾಗಲು ಇನ್ನೊಂದು ಗಂಟೆಯಿತ್ತು. ಮರಗಳ ನಡುವೆ ಮಂಜು ಇಳಿಯುತ್ತಿತ್ತು. ಎಷ್ಟೋ ವರ್ಷದ ಮೇಲೆ ನೀರಿನ ಸದ್ದು ಹತ್ತಿರದಿಂದ ಕೇಳಿಸಿತು, ಇಂದು ಅದು ಇಂಪೆನಿಸಲಿಲ್ಲ. ಆ ಅಮ್ಮ ನೀರಿಗೆ ಜಾರಿದ್ದರೆ? ಕೂಗಿದ್ದರೂ ಆ ಸದ್ದಿನಲ್ಲಿ ಯಾರಿಗೆ ಕೇಳೀತು? ಅವಳಿಗೆ ತುಂಬ ಹೆದರಿಕೆಯಾಯಿತು.

ಮೂರನೇ ತಿರುವಿನಲ್ಲಿ ಟೈಲರಮ್ಮ ಕಂಡರು. ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು, ಕೂತಲ್ಲಿಂದಲೇ ಒಂದೊಂದು ಮೆಟ್ಟಿಲು ಜರುಗಿ ಇಳಿಯುತ್ತಿದ್ದರು.

"ಬಂದೆಯಾ? ಬಂಡೆ ಹಿಂದೆ ನೀರಲ್ಲಿ ಕಾಲಿಟ್ಟು ಕೂತಿದ್ದೆ, ಬಂದು ನೋಡಿದ್ರೆ ಕೋಲು ಮಾಯ. ಯಾರೋ ಕದ್ದಿದ್ದಾರೆ. ನಿಂತ್ರೆ ಕಾಲು ಜಾರುತ್ತೆ, ಅದಕ್ಕೆ ಕೂತೇ ಹೊರಟೆ. ಎಂಬತ್ತೆರಡು ಮೆಟ್ಟಿಲಾಯ್ತು. ಗೇಟು ಹಾಕಿಬಿಟ್ರೆ ಅಂತ ಭಯವಾಯ್ತು. ಆಮೇಲೆ, ನೀನಿದ್ದೀಯಲ್ಲ, ಕೋಲು ಬರದೆ ಹಾಕೋದಿಲ್ಲ ಅಂತ ಧೈರ್ಯ ತಂದ್ಕೊಂಡೆ."

ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ಕೋಲಕ್ಕನಿಗೆ ಸುಮ್ಮನಿರಲಾಗಲಿಲ್ಲ.

"ಕದ್ದಿಲ್ಲಮ್ಮಾ. ಮರೆತು ಹೋಗಿದ್ದಾರೆ ಅಂತ ಒಬ್ಬರು ತಂದುಕೊಟ್ರು. ನಾನು ಎಣಿಸಿ ಬೀಗ ಹಾಕಿಸಿಬಿಟ್ಟಿದ್ದೆ."

ಟೈಲರಮ್ಮ ಅವಳ ಮುಖ ನೋಡಿದರು, ನಡುಗುತ್ತಿದ್ದ ಮಂಡಿ ನೋಡಿದರು.

"ನಾನೂ ಎಷ್ಟೋ ಜನರ ಬಟ್ಟೆ ತಪ್ಪು ಕತ್ತರಿಸಿದ್ದೀನಿ. ಹೇಳಿದ್ದು ಮಾತ್ರ ಕಡಿಮೆ" ಎಂದರು. "ಕೈ ಕೊಡು, ಏಳ್ತೀನಿ."

ಒಂದು ಕೋಲು, ನಾಲ್ಕು ಸೋತ ಕಾಲು. ಮೆಟ್ಟಿಲಿಗೊಮ್ಮೆ ನಿಂತು ಇಳಿದರು. ಗೇಟಿನವನು ದೂರದಿಂದಲೇ ಫೋನು ಚಾಚಿದ. ಆ ಕಡೆ ಸಾಹೇಬರಿದ್ದರು.

"ಸಿಕ್ಕಿದ್ರು ಸಾರ್, ಚೆನ್ನಾಗಿದ್ದಾರೆ. ನಾಳೆ ಬರುವಾಗ ಆ ಪುಸ್ತಕ ತನ್ನಿ. ಹೂಂ ಸಾರ್, ನಾನೇ ಹೇಳ್ತಿರೋದು."

ಟೈಲರಮ್ಮ ಗೇಟು ದಾಟುವಾಗ ಗೇಟಿನವನು ಅಭ್ಯಾಸಬಲದಿಂದ ಕೋಲಿಗೆ ಕೈ ಚಾಚಿದ.

"ಬಿಡಪ್ಪ, ಅವರು ಮನೆ ಸೇರೋತನಕ ಕೈಲಿರ್ಲಿ" ಎಂದಳು ಕೋಲಕ್ಕ.

"ಹಾಗಾದ್ರೆ ಪೀಪಾಯಲ್ಲಿ ಮೂವತ್ತೊಂಬತ್ತೇ ಆಗುತ್ತಲ್ಲಕ್ಕಾ."

ಅವಳು ಕಲ್ಲಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾ, ಬಸ್ಸಿನ ಕಡೆ ನಡೆದ ಕೆಂಪು ದಾರವನ್ನೇ ನೋಡುತ್ತಿದ್ದಳು.

"ಲೆಕ್ಕ ಸರಿ ಇದೆ" ಎಂದಳು. "ಈಗ ಹಾಕು."